ಕೊಪ್ಪೆಗೆ ಕತ್ತರಿ ಇಟ್ಟಾಗ

ಡಿಸೆಂಬರಿನ ಒಂದು ಭಾನುವಾರ ಶ್ರೀನಿವಾಸಪುರದ ತಂಗಿ ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ತಂಗಿಯ ಮಗಳು ಬಂದು ನನ್ನ ಮೂಗಿನ ಮುಂದೆ ಫೋನು ಹಿಡಿದಳು. "ದೊಡ್ಡಮ್ಮ, ಇಂಥದ್ದೊಂದು ಹೊಲ್ಕೊಡ್ತೀಯಾ?" ಕೋಲಾರದಲ್ಲಿ ಡಿಗ್ರಿ ಓದುವ ಹುಡುಗಿ. ಕಾಲೇಜಿನಲ್ಲಿ ಷರ್ಲಾಕ್ ಹೋಮ್ಸನ ಕಥೆಯೊಂದನ್ನು ನಾಟಕ ಮಾಡುತ್ತಾರಂತೆ. ಪತ್ತೇದಾರನ ಹತ್ತಿರ ಕಷ್ಟ ಹೇಳಿಕೊಳ್ಳಲು ಬರುವ ಲಂಡನ್ನಿನ ಹೆಂಗಸು ಇವಳು. ಫೋನಿನಲ್ಲಿದ್ದದ್ದು ಕಪ್ಪು ಉಣ್ಣೆಯ, ತೋಳಿಲ್ಲದ, ಹೆಗಲಿನಿಂದ ಸೊಂಟದವರೆಗೆ ಗಂಟೆಯ ಹಾಗೆ ಇಳಿದ ಮೇಲುಡುಪು. ವಿಕ್ಟೋರಿಯಾ ರಾಣಿ ಕಾಲದ ಕೇಪ್. ಅದಕ್ಕೆ ಹಾಕಿದ್ದ ಬೆಲೆಗೆ ಒಂದು ಒಳ್ಳೆಯ ರೇಷ್ಮೆ ಸೀರೆ ಬರುತ್ತದೆ.

ಅಮ್ಮನಿಗೆ ಎಂಬತ್ತು ದಾಟಿದೆ. ಕನ್ನಡಕ ಮೇಲಕ್ಕೆ ತಳ್ಳಿ ನೋಡಿದರು. "ಕೊಪ್ಪೆ ಅಲ್ವೇನೇ ಇದು? ನಿಮ್ ತಾತ ಗೋಣಿಚೀಲದಲ್ಲೇ ಮಾಡ್ಕೊಳ್ತಿದ್ರಲ್ಲ" ಅಂದರು.

ಎಲ್ಲರೂ ನಕ್ಕೆವು. ಮಾಲೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದರೆ ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಕೊಪ್ಪೆ ನೋಡದವರಿಗಾಗಿ ಹೇಳುತ್ತೇನೆ. ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತುರುಕಿದರೆ ಎರಡು ಪದರದ ಚೂಪು ಟೊಪ್ಪಿಗೆ ಆಗುತ್ತದೆ, ಮಿಕ್ಕ ಚೀಲ ಬೆನ್ನ ಮೇಲೆ ಇಳಿಯುತ್ತದೆ. ಅದನ್ನು ಹಾಕಿಕೊಂಡು ಸೋನೆ ಮಳೆಯಲ್ಲಿ ರಾಗಿ ಪೈರು ನಾಟಿ ಹಾಕಬಹುದು, ಮಾಗಿಯ ಮಂಜಿನಲ್ಲಿ ಕಣ ಕಾಯಬಹುದು. ಕಂಬಳಿಯ ಕೊಪ್ಪೆ ಇನ್ನೂ ಬೆಚ್ಚಗೆ. ಸೂಜಿ ಬೇಡ, ದಾರ ಬೇಡ, ಗುಂಡಿ ಬೇಡ. ಮಳೆ ನಿಂತರೆ ಅದೇ ಚೀಲಕ್ಕೆ ರಾಗಿ ತುಂಬಬಹುದು, ರಾತ್ರಿಯಾದರೆ ಅದೇ ಕಂಬಳಿ ಹೊದ್ದು ಮಲಗಬಹುದು. ಇಂಗ್ಲೆಂಡಿನವರ ಕೇಪಿಗೂ ನಮ್ಮ ಕೊಪ್ಪೆಗೂ ನಾನು ಕಾಣುವ ವ್ಯತ್ಯಾಸ ಇದೊಂದೇ: ಅವರು ಬಟ್ಟೆಗೆ ಕತ್ತರಿ ಇಟ್ಟರು, ನಾವು ಇಡಲಿಲ್ಲ. ಸೀರೆ, ಪಂಚೆ, ಕಂಬಳಿ ಎಲ್ಲ ಮಗ್ಗದಿಂದ ಇಳಿದ ಹಾಗೆಯೇ ಮೈಮೇಲೆ ಬಂದವು. ಕಂಬಳಿಯ ಮಾತಂತೂ ಬೇರೆಯೇ. ಕುರುಬರು ಅದನ್ನು ಹಾಸಿ ದೇವರಿಗೆ ಗದ್ದುಗೆ ಮಾಡುತ್ತಾರೆ. ಹಾಸಿ ಪೂಜೆ ಮಾಡುವ ಬಟ್ಟೆಯನ್ನು ಕತ್ತರಿಸುವುದೆಂದರೆ ಹಿರಿಯರು ಇಂದಿಗೂ ಮುಖ ಗಂಟು ಹಾಕುತ್ತಾರೆ.

ಹಾಗೆಂದು ನಾವು ಹೊಲಿದೇ ಇಲ್ಲ ಎಂದಲ್ಲ. ಉತ್ತರ ಕರ್ನಾಟಕದಲ್ಲಿ ಕೂಸಿಗೆ ಹಾಕುವ ಕುಂಚಿಗೆ ತಲೆ ಮುಚ್ಚಿ ಬೆನ್ನಿನವರೆಗೂ ಇಳಿಯುತ್ತದೆ. ಟೊಪ್ಪಿಗೆ ಇರುವ ಪುಟ್ಟ ಕೇಪು ಎಂದರೂ ಸರಿಯೇ. ಅದನ್ನು ಮನೆಯ ಹೆಂಗಸರೇ ಹೊಲಿಯುತ್ತ ಬಂದಿದ್ದಾರೆ.

ಇನ್ನು ಕೋಲಾರದ ವಿಚಾರ. 1911ರ ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾದಲ್ಲಿ ಕೋಲಾರ ಊರಿಗೆ ಕೆಲವೇ ಸಾಲು ಸಿಕ್ಕಿವೆ. 1901ರ ಎಣಿಕೆಯಲ್ಲಿ 12,210 ಜನ. ಊರಿನ ಕಸುಬುಗಳೆಂದು ಅದು ಹೆಸರಿಸುವುದು ಎರಡನ್ನು: ಕಂಬಳಿ ನೇಯುವುದು, ಹೊರಗೆ ಮಾರಲು ಟರ್ಕಿ ಕೋಳಿ ಸಾಕುವುದು. ಕೋಳಿಗಳು ಯಾರ ಕ್ರಿಸ್‌ಮಸ್ ಊಟಕ್ಕೆ ಹೋಗುತ್ತಿದ್ದವೆಂದು ಪತ್ತೆ ಮಾಡಲು ಷರ್ಲಾಕ್ ಹೋಮ್ಸ್ ಬೇಕಾಗಿಲ್ಲ, ಬೆಂಗಳೂರಿನ ದಂಡು ನಲವತ್ತು ಚಿಲ್ಲರೆ ಮೈಲಿ ದೂರದಲ್ಲಿತ್ತು. ನನಗೆ ಬೇಕಾದದ್ದು ಕಂಬಳಿ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು ಅದೇ 1901ರ ಜನವರಿಯಲ್ಲಿ. ಅವಳ ಕಾಲದ ಕೋಲಾರ ಉಣ್ಣೆ ನೇಯುವ ಊರಾಗಿತ್ತು ಎಂದಾಯಿತು. ಆ ಕಾಲದ ಉಡುಪು ಹೊಲಿಯಲು ಕೂತ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಅದೇ ಜಿಲ್ಲೆಯ ಚಿನ್ನದ ಗಣಿಗೆ 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಆಮೇಲೆ ಊರಿಗಾಂ, ಚಾಂಪಿಯನ್ ರೀಫ್ಸ್ ಬಂಗಲೆಗಳಿಗೆ ವಿಕ್ಟೋರಿಯಾ ಕಾಲದ ದೊರೆಸಾನಿಯರೇ ಬಂದರು. ಇಂಡಿಯಾದ ದೊರೆಸಾನಿಯರ ಬಟ್ಟೆಯನ್ನು ಬಹುಮಟ್ಟಿಗೆ ಹೊಲಿದವರು ವರಾಂಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ನಮ್ಮ ದರ್ಜಿಗಳು. ವಿಲಾಯಿತಿಯಿಂದ ತಂದ ಹಳೆಯ ಗೌನೊಂದನ್ನು ಮುಂದಿಟ್ಟು "ಇದರ ಹಾಗೆಯೇ" ಅಂದರೆ ಸಾಕಿತ್ತು. ಲಂಡನ್ ನೋಡದ ಕೈಗಳು ಲಂಡನ್ನಿನ ಹೊಲಿಗೆ ಹಾಕಿದವು.

ಷರ್ಲಾಕ್ ಹೋಮ್ಸನ ಮೊದಲ ಕಥೆ ಅಚ್ಚಾದದ್ದು 1887ರಲ್ಲಿ, ಬೀಟನ್ ಹೆಸರಿನ ಕ್ರಿಸ್‌ಮಸ್ ಸಂಚಿಕೆಯಲ್ಲಿ. ಅದೇ ವರ್ಷ ಮುಳಬಾಗಿಲಿನಲ್ಲಿ ಡಿ.ವಿ.ಜಿ. ಹುಟ್ಟಿದರು. 1891ರ ಜುಲೈನಲ್ಲಿ ಸ್ಟ್ರ್ಯಾಂಡ್ ಮಾಸಪತ್ರಿಕೆ ಹೋಮ್ಸನ ಸಣ್ಣಕಥೆಗಳನ್ನು ಶುರುಮಾಡಿತು. ಅದರ ಹಿಂದಿನ ತಿಂಗಳಷ್ಟೇ ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ಹುಟ್ಟಿದ್ದರು. ನಮ್ಮ ಇಬ್ಬರು ಹಿರಿಯರೂ ಆ ಪತ್ತೇದಾರನೂ ಒಂದೇ ವಯಸ್ಸಿನವರು. ಹುಡುಗಿಗೆ ಇದನ್ನು ಹೇಳಿದಾಗ ಅವಳು ಫೋನಿನಲ್ಲಿ ಪರೀಕ್ಷಿಸಿ ನೋಡಿದ ಮೇಲೆಯೇ ನಂಬಿದಳು. ಇನ್ನೊಂದು ಸಂಗತಿಯೂ ಇದೆ. ಬೀಟನ್ ಎಂಬ ಆ ಪ್ರಕಾಶಕ 1852ರಲ್ಲೇ ಮನೆವಾರ್ತೆಯ ಹೆಂಗಸರಿಗಾಗಿ ಪತ್ರಿಕೆಯೊಂದನ್ನು ತೆಗೆದು, ಅದರ ಮೂಲಕ ಉಡುಪಿನ ಕಾಗದದ ಮಾದರಿಗಳನ್ನು ಮನೆಮನೆಗೆ ತಲುಪಿಸಿದವನು. 1851ರಲ್ಲಿ ಸಿಂಗರ್ ಹೊಲಿಗೆ ಯಂತ್ರದ ಪೇಟೆಂಟು, 1863ರಲ್ಲಿ ಅಮೆರಿಕದ ಬಟರಿಕ್ ಅಳತೆವಾರು ಕಾಗದದ ಮಾದರಿ ಮಾರತೊಡಗಿದ್ದು. ಮನೆಯಲ್ಲೇ ಕೂತು ಫ್ಯಾಷನ್ನಿನ ಬಟ್ಟೆ ಹೊಲಿಯಬಹುದು ಎಂಬ ಮಾತು ವಿಕ್ಟೋರಿಯಾ ಕಾಲದಲ್ಲೇ ಹುಟ್ಟಿದ್ದು. ಆದ್ದರಿಂದ ಉಷಾ ಮಿಷನ್ನಿನ ಮುಂದೆ ಕೂತ ನಾನು ಆ ಕಾಲಕ್ಕೆ ಪೂರ್ತಿ ಹೊರಗಿನವಳಲ್ಲ.

ಅಷ್ಟೊಂದು ನಾಜೂಕಾಗಿ ಕೋಟು ಹೊಲಿಯಬಲ್ಲವರು ತೋಳಿಲ್ಲದ ಕೇಪನ್ನು ಯಾಕೆ ಹಿಡಿದರು? ಉತ್ತರ ಚಳಿಯಲ್ಲಿಲ್ಲ, ಒಳಗಿನ ಉಡುಪಿನಲ್ಲಿದೆ. 1850ರ ದಶಕದ ಕೊನೆಗೆ ಉಕ್ಕಿನ ಬಳೆಗಳ ಪಂಜರದ ಮೇಲೆ ಲಂಗ ಹರಡುತ್ತಿದ್ದರು, ಅದರ ಮೇಲೆ ಯಾವ ಕೋಟೂ ಕೂರುವುದಿಲ್ಲ. ಹೊದೆಯಲು ಒಗ್ಗಿದ್ದು ಕಾಶ್ಮೀರದ ದೊಡ್ಡ ಶಾಲು. ಅದನ್ನು ಕೊಳ್ಳಲು ಆಗದವರಿಗಾಗಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನವರು ನಕಲು ನೇಯ್ದರು. ಕಡೆಗೆ ನಮ್ಮ ಮಾವಿನಕಾಯಿ ಬುಟ್ಟಾಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತು. ಶ್ರೀನಿವಾಸಪುರದ ಹುಡುಗಿ ಅಂಗಡಿಗೆ ಹೋಗಿ "ಪೇಸ್ಲಿ ಡಿಸೈನ್ ತೋರಿಸಿ" ಅನ್ನುವುದನ್ನು ಕೇಳಿದಾಗ ನನಗೆ ಸುತ್ತಲಿನ ಮಾವಿನ ತೋಪುಗಳ ಪರವಾಗಿ ಸಿಟ್ಟು ಬರುತ್ತದೆ. ಮುಂದೆ ಲಂಗದ ಉಬ್ಬು ಹಿಂಭಾಗಕ್ಕೆ ಸರಿಯಿತು, ಶಾಲು ಮೂಲೆ ಸೇರಿತು, ಒಳ್ಳೊಳ್ಳೆಯ ಶಾಲುಗಳನ್ನೇ ಕತ್ತರಿಸಿ ಮೇಲುಡುಪು ಮಾಡಿಕೊಂಡರು. 1895ರ ಹೊತ್ತಿಗೆ ರವಿಕೆಯ ತೋಳು ಬುಡದಲ್ಲಿ ಕುಂಬಳಕಾಯಿಯಷ್ಟು ಉಬ್ಬಿತು. ಇಂಗ್ಲಿಷಿನವರು ಅದನ್ನು ಕುರಿಯ ತೊಡೆಗೆ ಹೋಲಿಸಿದರು. ಆ ತೋಳು ಕೋಟಿನೊಳಗೆ ತೂರುವುದಿಲ್ಲ. ಗಿಡ್ಡ ಕೇಪು ಬೀದಿಬೀದಿಯಲ್ಲಿ ಕಾಣಿಸಿದ್ದು ಆಗಲೇ.

ಗಂಡಸರ ಕೇಪಿನ ಕಥೆ ಬೇರೆ. ಹೋಮ್ಸ್ ಎಂದೊಡನೆ ಕಣ್ಣಿಗೆ ಬರುವ ಉಡುಪಿಗೆ ಕಾರಣ ಲೇಖಕನಿಗಿಂತ ಹೆಚ್ಚಾಗಿ ಸಿಡ್ನಿ ಪ್ಯಾಜೆಟ್ ಎಂಬ ಚಿತ್ರಕಾರ. ಕಥೆಯಲ್ಲಿ ಇದ್ದದ್ದು ಪ್ರಯಾಣದ ನಿಲುವಂಗಿ, ಬಟ್ಟೆಯ ಟೊಪ್ಪಿ, ಅಷ್ಟೇ.

ಈಗ ಹೊಲಿಗೆಗೆ ಬರೋಣ. ಕೇಪು ಎಂದರೆ ಅರ್ಧ ಚಕ್ರ. ಚಪಾತಿಯನ್ನು ಎರಡಾಗಿ ಕತ್ತರಿಸಿ, ನೇರ ಅಂಚಿನ ನಡುವೆ ಒಂದು ಸಣ್ಣ ಅರ್ಧಚಂದ್ರ ತೆಗೆದರೆ ಅದು ಕತ್ತು. ನೇರ ಅಂಚಿನ ಎರಡು ತುದಿಗಳು ಮುಂದೆ ಬಂದು ಸೇರುತ್ತವೆ. ಸೂಟು ಹೊಲಿಯುವ ಉಣ್ಣೆ ಬಟ್ಟೆ ಸಾಮಾನ್ಯವಾಗಿ 58 ಇಂಚು ಪನ್ನ ಬರುತ್ತದೆ. ಉದ್ದುದ್ದಕ್ಕೆ ಮಡಿಸಿದರೆ 29. ಮಡಿಕೆ ಬಂದ ಕಡೆ ಬೆನ್ನಿನ ನಡು. ಮಡಿಕೆಯ ಮೂಲೆಯಲ್ಲಿ ಟೇಪಿನ ತುದಿ ಹಿಡಿದು 28 ಇಂಚಿಗೆ ಚಾಕಿನಿಂದ ಕಮಾನು ಎಳೆಯಿರಿ, ಅದು ಕೆಳಗಿನ ಅಂಚು. ಅದೇ ಮೂಲೆಯಿಂದ ಕತ್ತಿಗೆ ಇನ್ನೊಂದು ಸಣ್ಣ ಕಮಾನು. 23 ಇಂಚಿನ ಕೇಪು ಒಂದೇ ಮೀಟರ್ ಬಟ್ಟೆಯಲ್ಲಿ ಬರುತ್ತದೆ, ಕಾಲರಿಗೂ ಉಳಿಯುತ್ತದೆ. ಪಾದದ ತನಕ ಬೇಕೆಂದರೆ ಎರಡೂವರೆ ಮೀಟರಿಗೆ ಕಡಿಮೆಯಿಲ್ಲದೆ ತೆಗೆದುಕೊಳ್ಳಿ, ಎರಡು ಕಾಲು ಚಕ್ರ ಕತ್ತರಿಸಿ ಬೆನ್ನಿನಲ್ಲಿ ಕೂಡಿಸಬೇಕು.

ಕತ್ತಿನ ಕಮಾನು ಎಷ್ಟು? ಇಲ್ಲೇ ನಾನು ಎಡವಿದ್ದು. ಹುಡುಗಿಯ ಕತ್ತಿನ ಸುತ್ತಳತೆ 15 ಇಂಚು. ರವಿಕೆ ಹೊಲಿದ ಅಭ್ಯಾಸದಲ್ಲಿ ಅರ್ಧ ಹಿಡಿಯುತ್ತೇನೆಂದು ಏಳೂವರೆ ಇಂಚಿಗೆ ಗೆರೆ ಎಳೆದು ಕಚಕ್ಕನೆ ಕತ್ತರಿಸಿಬಿಟ್ಟೆ. ಹಾಕಿ ನೋಡಿದರೆ ಕೇಪು ಎರಡೂ ಹೆಗಲಿನಿಂದ ಜಾರಿ ಮೊಣಕೈಗೆ ಬಂದು ನಿಂತಿತು. ಅರ್ಧ ಚಕ್ರದ ಕಮಾನಿನ ಉದ್ದ ಅದರ ತ್ರಿಜ್ಯದ 3.14 ಪಾಲು. ಏಳೂವರೆಗೆ ಅದು ಇಪ್ಪತ್ತಮೂರೂವರೆ ಇಂಚಾಯಿತು, ಬೇಕಾದದ್ದಕ್ಕಿಂತ ಎಂಟೂವರೆ ಹೆಚ್ಚು. ಹತ್ತನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಾಯಿತು. ಕತ್ತಿನ ಅಳತೆಯನ್ನು 3.14ರಿಂದ ಭಾಗಿಸಬೇಕಿತ್ತು, ಅಂದರೆ ಐದಿಂಚಿಗೆ ಕಾಲಿಂಚು ಕಡಿಮೆ. ಹೆಚ್ಚಾದದ್ದನ್ನೆಲ್ಲ ಹೆಗಲ ಮೇಲೆ ನೆರಿಗೆ ಹಿಡಿದು ಮುಚ್ಚಿ, ಅದೇ ಸ್ಟೈಲು ಎಂದು ಹುಡುಗಿಯನ್ನು ಒಪ್ಪಿಸಿದೆ. ಅಮ್ಮ ಒಪ್ಪಲಿಲ್ಲ. ನೀವು ಮೊದಲು ಸಣ್ಣದಾಗಿಯೇ ಕತ್ತರಿಸಿ. ಕತ್ತನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗದು. ಅದಕ್ಕೂ ಮೊದಲು ಈ ಪತ್ರಿಕೆಯ ನಾಲ್ಕು ದೊಡ್ಡ ಹಾಳೆಗಳನ್ನು ಅನ್ನದ ಅಂಟಿನಲ್ಲಿ ಕೂಡಿಸಿ ಪೇಪರ್ ಕಟಿಂಗ್ ಮಾಡಿಕೊಂಡರೆ ಉಣ್ಣೆ ಹಾಳಾಗುವುದಿಲ್ಲ. ನನ್ನ ಅಂಕಣವನ್ನು ಕತ್ತರಿಸಿದರೆ ಬೇಜಾರಿಲ್ಲ.

ಕತ್ತರಿ ಇಡುವ ಮುನ್ನ ಉಣ್ಣೆಯ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ, ಅದು ಕುಗ್ಗುವಷ್ಟು ಮೊದಲೇ ಕುಗ್ಗಲಿ. ಹೊಲಿದಾದ ಮೇಲೆ ಕೆಳ ಅಂಚನ್ನು ಆತುರದಲ್ಲಿ ಮಡಿಸಬೇಡಿ. ಚಕ್ರದ ಬಟ್ಟೆಯಲ್ಲಿ ಬೆನ್ನಿನ ಕಡೆ ಉದ್ದೆಳೆ, ಮುಂದೆ ಅಡ್ಡೆಳೆ, ಎರಡು ತೋಳಿನ ಮೇಲೆ ಕ್ರಾಸ್. ಕ್ರಾಸ್ ಬಂದ ಕಡೆ ಬಟ್ಟೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಎರಡು ದಿನ ಹ್ಯಾಂಗರಿಗೆ ತೂಗುಹಾಕಿ, ಜಗ್ಗಿದ್ದನ್ನು ಸಮ ಮಾಡಿ, ಆಮೇಲೆ ಹೆಮ್ಮಿಂಗ್. ಕಾಲರಿಗೆ ಒಳಗಡೆ ಕ್ಯಾನ್ವಾಸ್ ಇಡದಿದ್ದರೆ ಅದು ಬಾಡಿದ ಬಾಳೆ ಎಲೆಯ ಹಾಗೆ ಮಲಗುತ್ತದೆ. ಮುಂದೆ ಗುಂಡಿಗಿಂತ ದೊಡ್ಡ ಹುಕ್ಕು ಒಳ್ಳೆಯದು. ಇಡೀ ಭಾರ ಕತ್ತಿನಲ್ಲಿ ನಿಲ್ಲುತ್ತದೆ, ಕಾಜಾ ಹರಿಯುತ್ತದೆ.

ಲೈನಿಂಗಿಗೆ ರೇಷ್ಮೆಯೇ ಆಗಬೇಕೆಂದು ಹಟ ಹಿಡಿದೆ, ಅದು ಬರಿಯ ಶೋಕಿಗಲ್ಲ. ಒರಟು ಉಣ್ಣೆ ಒಳಗಿನ ತೋಳಿಗೆ ಕಚ್ಚಿಕೊಂಡರೆ ಕೈ ಎತ್ತಿದಾಗಲೆಲ್ಲ ಕೇಪು ಮೇಲೇರಿ ಅಲ್ಲೇ ನಿಲ್ಲುತ್ತದೆ. ರೇಷ್ಮೆಯಾದರೆ ಜಾರಿ ತನ್ನ ಜಾಗಕ್ಕೆ ಬರುತ್ತದೆ. ಗೂಡು ಬೆಳೆಯುವ ಜಿಲ್ಲೆಯಲ್ಲಿ ಮಡಿಕೆ ಹರಿದ ಒಂದು ಹಳೆಯ ರೇಷ್ಮೆ ಸೀರೆ ಯಾರ ಮನೆಯಲ್ಲಿಲ್ಲ? ಜರಿ ಇಲ್ಲದ ಭಾಗ ನೋಡಿ ತೆಗೆಯಿರಿ, ಜರಿ ಗೀರುತ್ತದೆ.

ನಿಜವಾದ ಕಂಬಳಿಯಲ್ಲೇ ಒಂದು ಪ್ರಯತ್ನ ಮಾಡಿದೆ. ಮೊದಲ ಹೊಲಿಗೆಗೇ 14 ನಂಬರಿನ ಸೂಜಿ ಮುರಿಯಿತು, 18 ಹಾಕಿದರೂ ಮಿಷನ್ ನರಳಿತು. ಕೊನೆಗೆ ದಬ್ಬಳ ಹಿಡಿದು ಕೈಯಲ್ಲೇ ಹೊಲಿದೆ. ಕಂಬಳಿ ನೇಯುವವರು ನೂಲಿಗೆ ಹುಣಸೆ ಬೀಜದ ಗಂಜಿ ಕೊಡುತ್ತಾರೆ. ಮಳೆ ನೀರು ಒಳಗೆ ಇಳಿಯದೆ ಜಾರಿಹೋಗಲು ಆ ಬಿರುಸು ಬೇಕು. ಕೇಪಿಗೆ ಬೇಕಾದದ್ದು ಮೆತ್ತಗೆ ಇಳಿಬೀಳುವ ಗುಣ. ಬಿಸಿ ನೀರಿನಲ್ಲಿ ನೆನೆಸಿ ಗಂಜಿ ತೆಗೆದರೆ ಮೆತ್ತಗಾಗುತ್ತದೆ, ಆದರೆ ಕತ್ತರಿಸಿದ ಅಂಚಿನಿಂದ ಎಳೆ ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಹತ್ತಿಯ ಪಟ್ಟಿ ಕೊಟ್ಟು ಅಂಚು ಕಟ್ಟಬೇಕಾಯಿತು. ಕಂಬಳಿಗೆ ಕತ್ತರಿ ಹಾಕಬೇಡಿ ಎಂದ ಹಿರಿಯರ ಮಾತಿನಲ್ಲಿ ಭಕ್ತಿಯ ಜೊತೆಗೆ ಕಸುಬಿನ ತಿಳಿವಳಿಕೆಯೂ ಇತ್ತು ಎಂದು ಅಂದು ಅನ್ನಿಸಿತು.

ಒಂದು ಎಚ್ಚರಿಕೆ. ಕೇಪು ಹಾಕಿಕೊಂಡು ಸ್ಕೂಟರಿನ ಹಿಂದೆ ಕೂರಬೇಡಿ. ಸೆರಗು, ದುಪಟ್ಟ ಚಕ್ರಕ್ಕೆ ಸಿಕ್ಕಿ ಏನಾಗಿದೆ ಎಂಬುದು ಎಲ್ಲರಿಗೂ ಗೊತ್ತು. ಲಂಡನ್ನಿನವರು ಕುದುರೆ ಗಾಡಿಯಲ್ಲಿ ಹೋಗುತ್ತಿದ್ದರು.

ನಾಟಕ ಚೆನ್ನಾಗಿ ಆಯಿತು. ಆದರೆ ರಂಗದ ಮೇಲಿನ ಮಿಕ್ಕ ಉಡುಪು ನೋಡಿ ಹೊಟ್ಟೆ ಉರಿಯಿತು, ಅವೆಲ್ಲ ಬಾಡಿಗೆಯವು. ನಮ್ಮ ಕಡೆ ಕುರುಕ್ಷೇತ್ರ ನಾಟಕಕ್ಕೂ, ಶಾಲೆಯ ಛದ್ಮವೇಷಕ್ಕೂ ಒಂದೇ ಬಗೆಯ ಮಿರಿಮಿರಿ ಸ್ಯಾಟಿನ್, ಅದೇ ಪ್ಲಾಸ್ಟಿಕ್ ಜರಿ. ದುರ್ಯೋಧನ ಮಿಂಚಲಿ, ಅದು ಅವನಿಗೆ ಸಲ್ಲುತ್ತದೆ. ಕೇಳಿಕೆಯ ವೇಷಗಳಿಗೂ ತಮ್ಮದೇ ಲೆಕ್ಕವಿದೆ, ಅಲ್ಲಿ ಚರಿತ್ರೆ ಯಾರೂ ಕೇಳುವುದಿಲ್ಲ. ಆದರೆ ಕಿತ್ತೂರು ಚೆನ್ನಮ್ಮ, ಟಿಪ್ಪು, ವಿಶ್ವೇಶ್ವರಯ್ಯ ಮೂವರಿಗೂ ಒಂದೇ ಥಾನಿನ ಬಟ್ಟೆ ಹಾಕಿಸಿದರೆ ಮಕ್ಕಳ ತಲೆಯಲ್ಲಿ ಹಿಂದಿನ ಕಾಲವೆಲ್ಲ ಒಂದೇ ಬಣ್ಣದ ಮುದ್ದೆಯಾಗುತ್ತದೆ. ಕಾಲ ತಿಳಿಯುವುದು ಹೊಳಪಿನಿಂದಲ್ಲ, ಕಟಿಂಗಿನಿಂದ.

ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನೇ ತೆಗೆದುಕೊಳ್ಳಿ. 1983ರ ಜ್ಞಾನಪೀಠ ತಂದ ಕಾದಂಬರಿ, ಮಾಲೂರಿನವರಾಗಿ ನಾವು ಅದನ್ನು ಒಮ್ಮೆಯಾದರೂ ಆಡಿ ತೋರಿಸಬೇಕು. ಅದರ ಕಥೆ ನಡೆಯುವ ಕೊಡಗು ಇಂಗ್ಲಿಷರ ಕೈಗೆ ಹೋದದ್ದು 1834ರಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಆ ನಾಟಕದಲ್ಲಿ ದೊರೆಸಾನಿಗೆ ಹಿಂದೆ ಉಬ್ಬಿದ ಲಂಗ ಹಾಕಿದರೆ ಅರ್ಧ ಶತಮಾನ ತಪ್ಪುತ್ತದೆ. 1834ರಲ್ಲಿ ಉಬ್ಬಿದ್ದು ತೋಳು, ಅದೇ ಕುರಿತೊಡೆಯ ತೋಳು ಅರವತ್ತು ವರ್ಷ ಬಿಟ್ಟು ಮತ್ತೆ ಬಂತು. ಕೊಡವರಿಗೆ ಮೊಣಕಾಲಿನವರೆಗಿನ ಕಪ್ಪು ಕುಪ್ಯ, ನಡುವಿಗೆ ರೇಷ್ಮೆಯ ಚೇಲೆ. ರಾಜನ ಮಗಳು ಗೌರಮ್ಮನನ್ನು ಮಾತ್ರ ವಿಕ್ಟೋರಿಯಾ ಕಾಲಕ್ಕೆ ಸೇರಿಸಬಹುದು. 1852ರಲ್ಲಿ ಲಂಡನ್ನಿನಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆಯಾದಾಗ ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಲಂಡನ್ನಿನ ಚಳಿಯಲ್ಲಿ ಕೇಪು ಹೊದ್ದ ಕನ್ನಡ ನಾಡಿನ ಹುಡುಗಿಯ ಪಾತ್ರ ಬೇಕೆಂದರೆ ಷರ್ಲಾಕನ ತನಕ ಹೋಗಬೇಕಾಗಿಲ್ಲ.

ವಿಶ್ವೇಶ್ವರಯ್ಯನವರ ವೇಷ ನಮ್ಮ ಶಾಲೆಗಳ ಅಚ್ಚುಮೆಚ್ಚು. ಅವರ ಊರಾದ ಮುದ್ದೇನಹಳ್ಳಿ 2007ರವರೆಗೆ ಕೋಲಾರ ಜಿಲ್ಲೆಯೇ ಆಗಿತ್ತಲ್ಲ. ಸಾಮಾನ್ಯವಾಗಿ ಅಪ್ಪನ ಕೋಟಿನ ತೋಳು ಮಡಿಸಿ, ಮೇಲೊಂದು ರೆಡಿಮೇಡ್ ಪೇಟ ಇಟ್ಟು ಕಳಿಸುತ್ತಾರೆ. ವಿಕ್ಟೋರಿಯಾ ಕಾಲದಿಂದ ಬಂದ ಕೋಟಿನ ಕಟಿಂಗ್ ಈಗಿನದಲ್ಲ. ಬೆನ್ನು ಕಿರಿದು, ಕಂಕುಳು ಮೇಲಕ್ಕಿದ್ದು ಬಿಗಿ, ತೋಳು ಎರಡು ತುಂಡಿನಲ್ಲಿ ಕತ್ತರಿಸಿ ಮೊಣಕೈಯಲ್ಲಿ ಬಾಗಿದ್ದು. ಅಂಥ ಕೋಟು ಹಾಕಿದವರಿಗೆ ಬೆನ್ನು ಗೂನು ಮಾಡಿ ಕೂರಲಾಗುವುದಿಲ್ಲ. ಹಳೆಯ ಫೋಟೋಗಳಲ್ಲಿ ಹಿರಿಯರೆಲ್ಲ ನೆಟ್ಟಗೆ ಕೂತಿರುವುದಕ್ಕೆ ಸ್ವಭಾವದ ಜೊತೆ ದರ್ಜಿಯ ಪಾಲೂ ಇರಬೇಕು.

ಹೀಗೆ ಹೊಲಿಯಲು ಪುಸ್ತಕಕ್ಕಿಂತ ಹಳೆಯ ಬಟ್ಟೆಯೇ ಒಳ್ಳೆಯ ಗುರು. ಅದು ಬೇಗ ಹೋಗುತ್ತಿದೆ. ತಾತನ ಕರಿಕೋಟನ್ನು ಸ್ಟೀಲ್ ಪಾತ್ರೆಯವನಿಗೆ ಕೊಟ್ಟು ಡಬರಿ ತೆಗೆದುಕೊಂಡ ಮನೆಗಳಲ್ಲಿ ನಮ್ಮದೂ ಒಂದು. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಯಾವುದಾದರೂ ಮನೆಯ ಟ್ರಂಕಿನಲ್ಲಿ ಅಂಥ ಕೋಟು, ಕೈಯಲ್ಲಿ ಹೊಲಿದ ರವಿಕೆ, ಕೂಸಿನ ಕುಲಾವಿ ಉಳಿದಿದ್ದರೆ ಕೊಡುವ ಮುನ್ನ ಒಂದು ಅರ್ಧ ಗಂಟೆ ಕೊಡಿ. ಒಳಗನ್ನು ಹೊರಗೆ ತಿರುಗಿಸಿ, ಜೋಡಣೆ ಎಲ್ಲೆಲ್ಲಿ ಬಂದಿದೆ ನೋಡಿ. ಬೆನ್ನಿನ ಅಗಲ, ತೋಳಿನ ಉದ್ದ, ಕಂಕುಳಿನ ಸುತ್ತಳತೆಯನ್ನು ಒಂದು ಹಾಳೆಯಲ್ಲಿ ಬರೆದು, ಯಾರದು, ಯಾವ ಊರಿನದು ಎಂದು ಪಕ್ಕದಲ್ಲೇ ಗುರುತು ಹಾಕಿಡಿ.